ಹಳೇ ಕಿಟಕಿಗೆ ಹೊಸ ತೇಪೆ ಎಷ್ಟು ದಿನ?

ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಇಳಿದು ಪಹಣಿ ತೆಗೆಸಬೇಕು ಅಂತ ಜೆರಾಕ್ಸ್ ಅಂಗಡಿ ಹುಡುಕುವವರು ನೋಡುವುದು ಎರಡೇ ಸಂಗತಿ. ಕ್ಯೂ ಎಷ್ಟಿದೆ, ಕರೆಂಟ್ ಇದೆಯೋ ಇಲ್ಲವೋ. ಸೊರಬದಲ್ಲೂ ಅಷ್ಟೆ, ನಡುವಿನ ಶಿರಾಳಕೊಪ್ಪದಲ್ಲೂ ಅಷ್ಟೆ. ಎದುರಿಗೆ ಕೂತ ಹುಡುಗನ ಕಂಪ್ಯೂಟರ್ ಯಾವ ಕಾಲದ್ದು ಅಂತ ಯಾರೂ ಕೇಳುವುದಿಲ್ಲ. ಆಧಾರ್ ನಂಬರ್ ಹೇಳುತ್ತಾರೆ, ಮೊಬೈಲಿಗೆ ಬಂದ ಒಟಿಪಿಯನ್ನು ಅಂಗಡಿಗೆಲ್ಲ ಕೇಳುವ ಹಾಗೆ ಓದುತ್ತಾರೆ, ಬ್ಯಾಂಕ್ ಪಾಸ್‌ಬುಕ್ ಮೇಜಿನ ಮೇಲೆ ಬಿಚ್ಚಿಡುತ್ತಾರೆ. ಬೆಳೆ ವಿಮೆ, ಮಗಳ ಸ್ಕಾಲರ್‌ಶಿಪ್, ಜಾತಿ ಪ್ರಮಾಣಪತ್ರ, ಎಲ್ಲವೂ ಆ ಒಂದು ಡಬ್ಬದ ಮೂಲಕವೇ ಸರ್ಕಾರಕ್ಕೆ ಹೋಗಿ ಮುಟ್ಟಬೇಕು.

ಮುಂದಿನ ಸಲ ಹೋದಾಗ ಪರದೆಯ ಎಡಗಡೆ ಕೆಳಮೂಲೆಯನ್ನು ಸ್ವಲ್ಪ ನೋಡಿ. ಅಲ್ಲಿ ದುಂಡಗಿನ ಗುಂಡಿ, ಅದರೊಳಗೆ ನಾಲ್ಕು ಬಣ್ಣದ ಬಾವುಟ ಕಂಡರೆ ಅದು ಸಾಧಾರಣವಾಗಿ ವಿಂಡೋಸ್ 7. ಮೈಕ್ರೋಸಾಫ್ಟ್ ಕಂಪನಿ ಅದರ ಕೈಬಿಟ್ಟದ್ದು 2020ರ ಜನವರಿ 14ರಂದು. ದುಡ್ಡು ಕಟ್ಟಿದ ದೊಡ್ಡ ಸಂಸ್ಥೆಗಳಿಗೆ 2023ರ ಜನವರಿಯವರೆಗೆ ರಿಪೇರಿ ಕೊಟ್ಟರು, ಆಮೇಲೆ ಅದೂ ನಿಂತಿತು. ಅಂದರೆ ಅದರಲ್ಲಿ ಹೊಸದಾಗಿ ತೂತು ಪತ್ತೆಯಾದರೆ ಮುಚ್ಚಿಕೊಡುವ ಧಣಿ ಇಲ್ಲ.

ಹಾಗಾದರೆ ಅದನ್ನು ಎಸೆಯಬಾರದೇ ಅಂತ ಬೆಂಗಳೂರಿನವರು ಸುಲಭವಾಗಿ ಹೇಳಿಯಾರು. ಅಂಗಡಿಯವರ ಕಷ್ಟ ಅವರಿಗೆ ಗೊತ್ತಿಲ್ಲ. ಲಗ್ನಪತ್ರಿಕೆ, ಕರಪತ್ರ, ಜಾತ್ರೆಯ ಪೋಸ್ಟರ್ ಮಾಡುವವರಿಗೆ ಪೇಜ್‌ಮೇಕರ್ ಬೇಕು. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಹೊಂದುವುದು ನುಡಿ, ಬರಹದ ಹಳೇ ಅಕ್ಷರಗಳು. ಹದಿನೈದು ವರ್ಷದ ಗಿರಾಕಿಗಳ ಫೈಲುಗಳೆಲ್ಲ ಆ ಅಕ್ಷರದಲ್ಲೇ ಇವೆ. ಹೊಸ ಯಂತ್ರಕ್ಕೆ ಹಾಕಿದರೆ ಒತ್ತಕ್ಷರ ಒಂದು ಕಡೆ, ದೀರ್ಘ ಇನ್ನೊಂದು ಕಡೆ ಹಾರುತ್ತದೆ. ಹಳೇ ಪ್ರಿಂಟರಿಗೆ ಬೇಕಾದ ಡ್ರೈವರ್ ಹೊಸ ವಿಂಡೋಸ್‌ಗೆ ಸಿಗುವುದಿಲ್ಲ. ಪ್ರಿಂಟರ್ ಇನ್ನೂ ಗಟ್ಟಿಮುಟ್ಟಾಗಿದೆ, ಓಡ್ತಾ ಇದೆ. ಓಡುವ ಎತ್ತನ್ನು ಯಾರು ಮಾರುತ್ತಾರೆ ಸ್ವಾಮಿ?

ಈ ಚಾಳಿಗೆ ಸರ್ಕಾರದ ಪಾಲೂ ಇದೆ, ಅದನ್ನು ಹೇಳದೆ ಅಂಗಡಿಯವರನ್ನು ಬೈಯುವುದು ನ್ಯಾಯವಲ್ಲ. ಎಷ್ಟೋ ಸರ್ಕಾರಿ ಜಾಲತಾಣಗಳು ವರ್ಷಗಟ್ಟಲೆ 'ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲೇ ತೆರೆಯಿರಿ' ಅಂತ ಬೋರ್ಡ್ ಹಾಕಿ ಕೂತಿದ್ದವು. ಟೆಂಡರ್ ಹಾಕಲು, ಡಿಜಿಟಲ್ ಸಹಿ ಒತ್ತಲು ಜಾವಾ ಬೇಕು ಅಂದರು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಆ ಜಾವಾ ಪ್ಲಗಿನ್ನಿಗೆ ಬಾಗಿಲು ಹಾಕಿದವು. ಆಗ ಕಂಟ್ರಾಕ್ಟರರು, ಲೆಕ್ಕ ಬರೆಯುವವರು ಮಾಡಿದ್ದೇನು? ಹಳೇ ಬ್ರೌಸರನ್ನೇ ಇಟ್ಟುಕೊಂಡು 'ಅಪ್‌ಡೇಟ್ ಬೇಡ' ಅಂತ ಗುಂಡಿ ಒತ್ತಿದರು. ಆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೆ ನಿವೃತ್ತಿಯಾಯಿತು. ಅಪ್‌ಡೇಟ್ ಬೇಡ ಅನ್ನುವ ಅಭ್ಯಾಸ ಮಾತ್ರ ನಿವೃತ್ತಿಯಾಗಲಿಲ್ಲ.

ಈಗ ತೇಪೆಯ ವಿಷಯಕ್ಕೆ ಬರೋಣ. ನಮ್ಮ ಕಡೆ ಮುಂಗಾರಿಗೆ ಮುಂಚೆ ಮಾಡಿನ ಮೇಲೆ ಹತ್ತಿ ಒಡೆದ ಹೆಂಚು ತೆಗೆದು ಬೇರೆ ಹೆಂಚು ಕೂರಿಸುವುದಿಲ್ಲವೇ? ಬ್ರೌಸರಿನ ಅಪ್‌ಡೇಟ್ ಅಂದರೆ ಅದೇ ಕೆಲಸ, ಆದರೆ ನಾಲ್ಕು ವಾರಕ್ಕೊಮ್ಮೆ. ಇಂಟರ್‌ನೆಟ್ಟಿನ ಗಾಳಿ ಮಳೆ ಎಲ್ಲ ಮೊದಲು ಬಡಿಯುವುದು ಬ್ರೌಸರಿಗೇ. ಆದ್ದರಿಂದ ಕೆಳಗಿನ ವಿಂಡೋಸ್ ಹಳೆಯದಾದರೂ ಮೇಲಿನ ಬ್ರೌಸರಾದರೂ ತೇಪೆ ಕಾಣುತ್ತಿರಲಿ ಅನ್ನುವುದು ಬಡವರ ಉಪಾಯ. ಉಪಾಯ ತಪ್ಪಲ್ಲ. ಯಾವ ಬ್ರೌಸರ್ ಅನ್ನುವುದರಲ್ಲಿ ಎಡವಟ್ಟಾಗುತ್ತದೆ.

ನಮ್ಮವರಿಗೆ ಇಂಟರ್‌ನೆಟ್ ಅಂದರೆ ಕ್ರೋಮ್. ವಿಂಡೋಸ್ 7ಕ್ಕೆ ಕ್ರೋಮಿನ ಕೊನೆಯ ಆವೃತ್ತಿ 109, ಅದು 2023ರ ಜನವರಿಯದು. ಮುಂದಿನ 110 ಏಳರ ಮೇಲೆ ಕೂರುವುದೇ ಇಲ್ಲ. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರು ಇನ್ನೊಂದು ದಾರಿ ಹಿಡಿದರು. 2023ರ ಜುಲೈನಲ್ಲಿ ಬಂದ 115ನೇ ಆವೃತ್ತಿಯನ್ನು 'ಇಎಸ್ಆರ್' ಎಂಬ ದೀರ್ಘಾವಧಿ ಸಾಲಿನಲ್ಲಿಟ್ಟು, ಹೊಸ ಸೌಕರ್ಯ ಕೊಡದಿದ್ದರೂ ತೂತು ಮುಚ್ಚುವ ಕೆಲಸ ಮುಂದುವರಿಸಿದರು. 2024ರ ಸೆಪ್ಟೆಂಬರಿಗೆ ಮುಗಿಸುತ್ತೇವೆ ಅಂದವರು 2025ರ ಮಾರ್ಚಿಗೆ ಹಾಕಿದರು, ಆಮೇಲೆ ಅದೇ ವರ್ಷದ ಸೆಪ್ಟೆಂಬರಿಗೆ, ಮತ್ತೆ 2026ರೊಳಕ್ಕೂ ಎಳೆದರು. ಏಳು ಬಿಡದ ಜನ ಇನ್ನೂ ಅಷ್ಟಿದ್ದಾರೆ ಅಂತಲೇ ಹೀಗೆ ವಾಯಿದೆ ಮೇಲೆ ವಾಯಿದೆ.

ಇವೆರಡರ ವ್ಯತ್ಯಾಸ ಎಷ್ಟು ದೊಡ್ಡದು ಅನ್ನಲು ಒಂದು ಉದಾಹರಣೆ ಸಾಕು. 2023ರ ಸೆಪ್ಟೆಂಬರಿನಲ್ಲಿ 'ವೆಬ್‌ಪಿ' ಎಂಬ ಚಿತ್ರದ ನಮೂನೆಯನ್ನು ಬಿಡಿಸುವ ಕಡೆ ಒಂದು ತೂತು ಸಿಕ್ಕಿತು. ಏನೂ ಇಳಿಸಿಕೊಳ್ಳಬೇಕಿಲ್ಲ, ಕೇಡಿಗರು ಮಾಡಿಟ್ಟ ಚಿತ್ರವಿರುವ ಪುಟ ತೆರೆದರೆ ಸಾಕು, ಯಂತ್ರದೊಳಗೆ ಕೈ ಹಾಕಬಹುದಾಗಿತ್ತು. ಫೈರ್‌ಫಾಕ್ಸಿನವರು ಕೂಡಲೇ 115.2.1 ಬಿಟ್ಟರು. ಏಳರ ಮೇಲೆ ಫೈರ್‌ಫಾಕ್ಸ್ ಇಟ್ಟುಕೊಂಡವರಿಗೂ ಅದು ಸಿಕ್ಕಿತು. ಕ್ರೋಮಿನವರು 116ನೇ ಆವೃತ್ತಿಯಲ್ಲಿ ಸರಿ ಮಾಡಿದರು. ಆ 116 ಏಳರ ಮೇಲೆ ಏರದು.

ಆದ್ದರಿಂದ ಅಂಗಡಿಯವರು ಮೊದಲು ಮಾಡಬೇಕಾದ ಕೆಲಸ ಎರಡು ನಿಮಿಷದ್ದು. ಫೈರ್‌ಫಾಕ್ಸಿನ ಹೆಲ್ಪ್ ಮೆನುವಿನಲ್ಲಿ 'ಅಬೌಟ್ ಫೈರ್‌ಫಾಕ್ಸ್' ಒತ್ತಿ. 115 ಅಂತ ಇದ್ದು ಮುಂದಿನ ಅಂಕಿ ತಿಂಗಳು ತಿಂಗಳು ಏರುತ್ತಿದ್ದರೆ ತೇಪೆ ಬೀಳುತ್ತಿದೆ ಅಂತ ಲೆಕ್ಕ. ಅಂಕಿ ಎರಡು ತಿಂಗಳಿಂದ ನಿಂತಲ್ಲೇ ನಿಂತಿದ್ದರೆ ಒಂದೋ ನೀವು ಅಪ್‌ಡೇಟ್ ಬಂದ್ ಮಾಡಿದ್ದೀರಿ, ಇಲ್ಲವೇ ಕಂಪನಿ ಬಂದ್ ಮಾಡಿದೆ. ಎರಡನೆಯದಾದರೆ ಆ ಯಂತ್ರದಲ್ಲಿ ಗಿರಾಕಿಯ ಬ್ಯಾಂಕ್ ತೆರೆಯಬಾರದು.

ಇನ್ನೊಂದು ತಂಟೆ ಸರ್ಟಿಫಿಕೇಟಿನದು. ಇದು ತಹಶೀಲ್ದಾರರ ಸರ್ಟಿಫಿಕೇಟ್ ಅಲ್ಲ, ಜಾಲತಾಣ ಅಸಲಿ ಹೌದೋ ಅಲ್ಲವೋ ಅನ್ನಲು ಬ್ರೌಸರ್ ನೋಡುವ ಗುರುತುಚೀಟಿ. ಅದಕ್ಕೂ ವಾಯಿದೆ ಇರುತ್ತದೆ. 2021ರ ಸೆಪ್ಟೆಂಬರ್ 30ರಂದು ಅಂಥ ಒಂದು ಮೂಲ ಗುರುತುಚೀಟಿಯ ಅವಧಿ ಮುಗಿದು, ಲಕ್ಷಾಂತರ ಒಳ್ಳೆಯ ಜಾಲತಾಣಗಳೂ ಹಳೇ ಯಂತ್ರಗಳಲ್ಲಿ 'ಸುರಕ್ಷಿತವಲ್ಲ' ಅಂತ ಕಾಣತೊಡಗಿದವು. ಫೈರ್‌ಫಾಕ್ಸ್ ತನ್ನ ಗುರುತುಚೀಟಿಗಳನ್ನು ತಾನೇ ಹೊತ್ತು ತರುವುದರಿಂದ ಪಾರಾಯಿತು. ಅದರ ಸ್ವಂತ ಚೀಟಿಯೊಂದು 2025ರ ಮಾರ್ಚ್ 14ಕ್ಕೆ ಮುಗಿದಾಗ 115.13ಕ್ಕಿಂತ ಹಿಂದಿನವರಿಗೆ ಜಾಹೀರಾತು ತಡೆಯುವಂಥ ಆಡ್-ಆನುಗಳು ಕೈಕೊಟ್ಟವು. ಅಪ್‌ಡೇಟ್ ಮಾಡಿದವರಿಗೆ ಅದು ಗೊತ್ತೇ ಆಗಲಿಲ್ಲ.

ಎಷ್ಟೋ ಸಲ ತಪ್ಪು ಚೀಟಿಯದೂ ಅಲ್ಲ, ಬ್ರೌಸರಿನದೂ ಅಲ್ಲ. ಹಳೇ ಮದರ್‌ಬೋರ್ಡಿನಲ್ಲಿ ನಾಲ್ಕಾಣೆಯಷ್ಟಗಲದ ಒಂದು ಬಿಲ್ಲೆ ಸೆಲ್ ಇರುತ್ತದೆ, ಅದರ ಹೆಸರು ಸಿಆರ್ 2032. ಅದು ಸತ್ತರೆ ಕರೆಂಟ್ ಹೋಗಿ ಬಂದಾಗಲೆಲ್ಲ ಕಂಪ್ಯೂಟರಿನ ತಾರೀಖು ಹತ್ತಾರು ವರ್ಷ ಹಿಂದಕ್ಕೆ ಓಡುತ್ತದೆ. 'ಈ ಚೀಟಿ ಇನ್ನೂ ಹುಟ್ಟೇ ಇಲ್ಲ' ಅಂತ ಬ್ರೌಸರ್ ಬಾಗಿಲು ಹಾಕುತ್ತದೆ. ಇತ್ತ ಗಿರಾಕಿಗೆ 'ಸರ್ವರ್ ಡೌನ್, ನಾಳೆ ಬಾ' ಎಂಬ ಉತ್ತರ. ಆನವಟ್ಟಿ ಕಡೆಯಿಂದ ಒಂದು ದಿನದ ಕೂಲಿ ಬಿಟ್ಟು ಬಂದವನಿಗೆ ಆ ಬಿಲ್ಲೆಯ ಕತೆ ಯಾರು ಹೇಳಬೇಕು? ಬಸ್ ಚಾರ್ಜಿಗಿಂತ ಹೆಚ್ಚೇನೂ ಆಗದ ಸೆಲ್ ಅದು. ಹಾಕಿಸಿ ಮಾರಾಯರೇ.

ಬ್ರೌಸರ್ ಸರಿ ಮಾಡಿದರೆ ಎಲ್ಲ ಸರಿ ಅಂತ ಮಾತ್ರ ತಿಳಿಯಬೇಡಿ. 2017ರ ಮೇ 12ರಂದು 'ವಾನ್ನಾಕ್ರೈ' ಎಂಬ ಹುಳ ಜಗತ್ತಿಗೆ ಬಿತ್ತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಕೆಲಸ ಕೆಟ್ಟಿತು, ನಮ್ಮ ಪಕ್ಕದ ಆಂಧ್ರದ ಪೊಲೀಸರ ಕೆಲವು ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಹುಳ ಅದು. ಅದಕ್ಕೆ ಬ್ರೌಸರ್ ಬೇಕಾಗಿರಲಿಲ್ಲ, ನೆಟ್‌ವರ್ಕಿನಲ್ಲಿ ಯಂತ್ರದಿಂದ ಯಂತ್ರಕ್ಕೆ ತಾನೇ ಹರಿದುಹೋಯಿತು. ಬಿದ್ದವುಗಳಲ್ಲಿ ಹೆಚ್ಚಿನವು ಏಳರವೇ, ಅದೂ ಎರಡು ತಿಂಗಳ ಹಿಂದೆಯೇ ಬಂದಿದ್ದ ತೇಪೆ ಹಾಕದೆ ಕೂತವು. ಆಗ ಕಂಪನಿ ತೇಪೆ ಕೊಡುತ್ತಿತ್ತು. ಈಗ ಹಾಗೇ ಮತ್ತೊಂದು ಬಂದರೆ, ಮೇಲೆ ಎಷ್ಟು ಒಳ್ಳೆಯ ಫೈರ್‌ಫಾಕ್ಸ್ ಇದ್ದರೂ ಕೆಳಗಿನ ಪಾಯ ಅದನ್ನು ತಡೆಯದು.

ಹವ್ಯಾಸಿಗಳು ಕಟ್ಟಿದ ಬ್ರೌಸರುಗಳೂ ಇವೆ. 'ಸೂಪರ್‌ಮಿಯಂ' ಅಂತ ಒಂದು, ಕ್ರೋಮಿನ ಮೂಲದಿಂದಲೇ ತೆಗೆದು ಎಕ್ಸ್‌ಪಿಗೂ ಏಳಕ್ಕೂ ಒಗ್ಗಿಸಿದ್ದು. ಶ್ರಮ ಮೆಚ್ಚತಕ್ಕದ್ದೇ, ಮನೆಯ ಹಳೇ ಕಂಪ್ಯೂಟರಿಗೆ ಆಗಬಹುದು. ಊರವರ ಪಾಸ್‌ವರ್ಡು ಕೈಯಲ್ಲಿ ಹಿಡಿಯುವ ಅಂಗಡಿಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ಕಟ್ಟುವ ಪುಣ್ಯಾತ್ಮರಿಗೆ ನಾಳೆ ಬೇಸರ ಬಂದರೆ ಕೇಳುವುದು ಯಾರನ್ನು?

ಹಾಗಾದರೆ ದಾರಿ ಏನು? ಎರಡು ಯಂತ್ರ ಇದ್ದವರು ಕೆಲಸ ಹಂಚಿ. ಪೇಜ್‌ಮೇಕರ್, ನುಡಿ, ಹಳೇ ಪ್ರಿಂಟರ್ ಇರುವ ಏಳಕ್ಕೆ ಇಂಟರ್‌ನೆಟ್ ತಂತಿಯನ್ನೇ ಕಿತ್ತುಬಿಡಿ. ಅದು ಲಗ್ನಪತ್ರಿಕೆ ಮಾಡಿಕೊಂಡು ಇನ್ನೂ ಹತ್ತು ವರ್ಷ ಬಾಳಲಿ. ಪೆನ್‌ಡ್ರೈವ್ ಹಾಕುವ ಮುಂಚೆ ಇನ್ನೊಂದರಲ್ಲಿ ವೈರಸ್ ಪರೀಕ್ಷೆ ಮಾಡಿ. ಹಳೇ ಫೈಲುಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಕೆಲಸ ಕಡಿಮೆ ಇರುವ ಆಷಾಢದಲ್ಲಿ ಅಷ್ಟಷ್ಟು ಮಾಡಿಡಿ. ಜನರ ಅರ್ಜಿ, ಬ್ಯಾಂಕು, ಆಧಾರ್ ಎಲ್ಲ ತೇಪೆ ಬೀಳುತ್ತಿರುವ ಯಂತ್ರದಲ್ಲಿ ನಡೆಯಲಿ.

ಒಂದೇ ಯಂತ್ರ ಇದ್ದು, ಹೊಸದಕ್ಕೆ ಕೈಯಲ್ಲಿ ಕಾಸಿಲ್ಲದವರು ಲಿನಕ್ಸ್ ಹಾಕಿಸಿ ನೋಡಬಹುದು. ದುಡ್ಡು ಕೊಡಬೇಕಿಲ್ಲ, ಹಳೇ ಯಂತ್ರದಲ್ಲೂ ಇವತ್ತಿನ ಫೈರ್‌ಫಾಕ್ಸ್ ಓಡುತ್ತದೆ. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಅದರ ಮೇಲೆಯೇ ಕಲಿಯುತ್ತಿದ್ದಾರೆ. ಒಂದು ತೊಡಕು ಹೇಳಿಬಿಡುತ್ತೇನೆ: ಬೆರಳಚ್ಚು ಯಂತ್ರಗಳು ಹೆಚ್ಚಾಗಿ ವಿಂಡೋಸ್ ಇಲ್ಲವೇ ಆಂಡ್ರಾಯ್ಡನ್ನೇ ಕೇಳುತ್ತವೆ. ಹೆಬ್ಬೆಟ್ಟು ಒತ್ತಿಸಿ ದುಡ್ಡು ಕೊಡುವ ಅಂಗಡಿಗೆ ಲಿನಕ್ಸ್ ಒಂದರಿಂದಲೇ ಆಗದು.

ಹತ್ತು ಇದೆ, ನಮಗೇನು ಭಯ ಅನ್ನುವವರಿಗೂ ಒಂದು ಮಾತು. ವಿಂಡೋಸ್ 10ರ ಮಾಮೂಲಿ ರಿಪೇರಿಯೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿದ ಸಾಮಾನ್ಯ ಬಳಕೆದಾರರಿಗೆ ಕೊಟ್ಟ ಹೆಚ್ಚುವರಿ ವಾಯಿದೆ 2026ರ ಅಕ್ಟೋಬರ್ 13ರವರೆಗೆ. ಹನ್ನೊಂದಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಎಂಬ ಚಿಪ್ ಬೇಕು, ಪ್ರೊಸೆಸರೂ ಹೊಸ ತಲೆಮಾರಿನದು ಬೇಕು. ಏಳರ ಕತೆ ಹತ್ತರವರ ಮನೆಗೂ ಬರುವ ಬಸ್ ಹತ್ತಿಯಾಗಿದೆ.

ಇನ್ನು ಬಸ್ಸಿಗೆ ಕಾಯುವ ಗಿರಾಕಿಗಳು. ಅಂಗಡಿಯವರನ್ನು ಅನುಮಾನಿಸಿ ಅಂತ ಹೇಳುತ್ತಿಲ್ಲ, ಅವರು ನಮ್ಮವರೇ. ಆದರೆ ಕೆಲಸ ಮುಗಿದ ಮೇಲೆ 'ಲಾಗೌಟ್ ಆಯ್ತೇನಪ್ಪಾ' ಅಂತ ಕೇಳಲು ನಾಚಿಕೆ ಬೇಡ. 'ಪಾಸ್‌ವರ್ಡ್ ಉಳಿಸಲೇ' ಅಂತ ಪರದೆ ಕೇಳಿದರೆ ಬೇಡ ಅನ್ನಿಸಿ. ಪ್ರೈವೇಟ್ ವಿಂಡೋದಲ್ಲಿ ತೆರೆದರೆ ಮುಚ್ಚಿದ ಕೂಡಲೇ ಪುಟಗಳ ನೆನಪು ಅಳಿಯುತ್ತದೆ, ಇಳಿಸಿಕೊಂಡ ಆಧಾರ್ ಪ್ರತಿ ಮಾತ್ರ ಫೋಲ್ಡರಿನಲ್ಲೇ ಉಳಿಯುತ್ತದೆ. ಅದನ್ನು ಅಳಿಸುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಒಟಿಪಿಯನ್ನು ಕೂಗಿ ಹೇಳುವ ಬದಲು ಮೊಬೈಲ್ ತೋರಿಸಿ. ಖಾತೆಯಿಂದ ದುಡ್ಡು ಹೋದದ್ದು ಗೊತ್ತಾದರೆ ನೆಂಟರಿಗೆ ಹೇಳುವ ಮುಂಚೆ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಹೋದ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.