ಯುದ್ಧನೌಕೆಗಳ ತಾಮ್ರಕವಚ

ಹಾಯಿಯ ಕಾಲದ ಬ್ರಿಟಿಷ್ ಯುದ್ಧನೌಕೆಗಳ ಮಾತು ಬಂದಾಗ ನಮ್ಮ ಮನಸ್ಸು ಸಹಜವಾಗಿ ನೀರಿನ ಮೇಲೆ ಕಾಣುವ ಅಂಗಗಳ ಕಡೆಗೇ ಹರಿಯುವುದು. ಎತ್ತರವಾದ ಕೂವೆಮರಗಳು, ಗಾಳಿ ತುಂಬಿದ ಹಾಯಿಗಳು, ಎರಡು ಮೂರು ಅಂತಸ್ತುಗಳಲ್ಲಿ ಸಾಲಾಗಿ ಬಾಯ್ದೆರೆದ ಫಿರಂಗಿಗಳು, ಇವನ್ನೇ ಚಿತ್ರಕಾರರೂ ಚರಿತ್ರಕಾರರೂ ಬಗೆಬಗೆಯಾಗಿ ವರ್ಣಿಸಿದ್ದಾರೆ. ಆದರೆ ನೌಕೆಯ ವೇಗವೂ ಆಯುಸ್ಸೂ ಬಹುಮಟ್ಟಿಗೆ ನಿರ್ಣಯವಾಗುತ್ತಿದ್ದುದು ನೀರಿನೊಳಗೆ ಮುಳುಗಿ ಕಣ್ಣಿಗೆ ಬೀಳದಿದ್ದ ಅಡಿಭಾಗದಲ್ಲಿ. ಆ ಭಾಗಕ್ಕೆ ತಾಮ್ರದ ತಗಡನ್ನು ಹೊದಿಸುವ ಪದ್ಧತಿ ಹೇಗೆ ಬಂದಿತು, ಅದರಿಂದ ಲಾಭವೇನು, ಹಾನಿಯೇನು, ಹಾನಿಯ ಕಾರಣವು ಎಂದು ತಿಳಿದುಬಂದಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ನಿರೂಪಿಸಲು ಯತ್ನಿಸಿದೆ.

ಮರದ ಹಡಗಿಗೆ ಕಡಲಿನಲ್ಲಿ ಇಬ್ಬರು ಶತ್ರುಗಳಿದ್ದರು. ಮೊದಲನೆಯದು ಟೆರೆಡೊ ಎಂಬ ಕೊರೆಹುಳು. ಹುಳುವೆಂದು ಕರೆದರೂ ಇದು ವಸ್ತುತಃ ಕಪ್ಪೆಚಿಪ್ಪಿನ ವರ್ಗಕ್ಕೆ ಸೇರಿದ ಮೃದ್ವಂಗಿ. ಮೈಯ ತುದಿಯಲ್ಲಿರುವ ಎರಡು ಸಣ್ಣ ಚಿಪ್ಪುಗಳಿಂದ ಅದು ಮರವನ್ನು ತರಿಯುತ್ತ ಒಳಹೊಗುವುದು. ಅದು ಹೊಕ್ಕ ಕಂಡಿಯು ಹೊರಗೆ ಸೂಜಿಯ ಮೊನೆಯಷ್ಟೇ ಕಂಡರೂ ಒಳಗೆ ಹಲಗೆಯು ಜೇನುಗೂಡಿನಂತಾಗಿರುವುದು. ಉಷ್ಣವಲಯದ ಸಮುದ್ರಗಳಲ್ಲಿ ಇದರ ಹಾವಳಿ ವಿಪರೀತ. ಎರಡನೆಯದು ಹಲಗೆಗಳ ಮೇಲೆ ಬೆಳೆಯುವ ಪಾಚಿ, ಕಡಲಸಸ್ಯ ಮತ್ತು ಚಿಪ್ಪುಜೀವಿಗಳು. ಇವು ಮರವನ್ನು ತಿನ್ನುವುದಿಲ್ಲ; ಆದರೆ ನುಣುಪಾಗಿರಬೇಕಾದ ಅಡಿಯನ್ನು ಒರಟುಮಾಡಿ ನೌಕೆಯ ವೇಗವನ್ನು ಕುಂದಿಸುವುವು.

ಇವುಗಳ ನಿವಾರಣೆಗೆ ಹಿಂದಿನವರು ಮಾಡಿದ ಉಪಾಯಗಳು ಅನೇಕ. ಮೀನೆಣ್ಣೆ, ರಾಳ, ಗಂಧಕಗಳನ್ನು ಬೆರೆಸಿ ಬಳಿಯುತ್ತಿದ್ದರು. ಡಾಂಬರನ್ನೂ ಪಶುಗಳ ಕೂದಲನ್ನೂ ಮೆತ್ತಿ ಅದರ ಮೇಲೆ ತೆಳುವಾದ ಹಲಗೆಗಳನ್ನು ಹೊಡೆಯುತ್ತಿದ್ದರು. ಹುಳುವು ಈ ಹೊರಹಲಗೆಯನ್ನು ತಿಂದು ತೀರಿಸಿದ ಮೇಲೆ ಅದನ್ನು ಕಿತ್ತು ಹೊಸದನ್ನು ಹಾಕುವುದು ವಾಡಿಕೆ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಸೀಸದ ತಗಡನ್ನೂ ಹೊದಿಸಿ ನೋಡಿದರು. ಚುಕ್ಕಾಣಿಯ ಕಬ್ಬಿಣವು ಬೇಗನೆ ಸವೆದುದರಿಂದ ಅದನ್ನು ಕೈಬಿಡಬೇಕಾಯಿತು. ಯಾವ ಉಪಾಯವನ್ನು ಕೈಕೊಂಡರೂ ನೌಕೆಯನ್ನು ಮತ್ತೆ ಮತ್ತೆ ಡಾಕಿಗೆ ತಂದು ಅಡಿಯನ್ನು ಕೆರೆಯಲೇಬೇಕಾಗಿತ್ತು. ಲೆಕ್ಕದಲ್ಲಿ ನೂರು ನೌಕೆಗಳಿದ್ದರೂ ಕಡಲ ಮೇಲಿರುವುವು ಅದಕ್ಕಿಂತ ಬಹಳ ಕಡಿಮೆ.

೧೭೬೧ರಲ್ಲಿ ೩೨ ಫಿರಂಗಿಗಳ 'ಅಲಾರಂ' ಎಂಬ ಫ್ರಿಗೇಟಿಗೆ ಪ್ರಯೋಗಾರ್ಥವಾಗಿ ತಾಮ್ರದ ತಗಡನ್ನು ಹೊದಿಸಿ ವೆಸ್ಟ್ ಇಂಡೀಸಿಗೆ ಕಳುಹಿಸಿದರು. ೧೭೬೩ರಲ್ಲಿ ಅದನ್ನು ಪರೀಕ್ಷಿಸಿದಾಗ ತಗಡು ಉಳಿದಿದ್ದ ಕಡೆಗಳಲ್ಲಿ ಹುಳುವೂ ಇರಲಿಲ್ಲ, ಕಳೆಯೂ ಇರಲಿಲ್ಲ. ಆದರೆ ತಾಮ್ರಕ್ಕೆ ತಗುಲಿದ್ದ ಕಬ್ಬಿಣದ ಮೊಳೆಗಳು ಕರಗಿ ತುಕ್ಕಿನ ಕೆಸರಾಗಿದ್ದುವು. ಅನೇಕ ತಗಡುಗಳು ಹಿಡಿತ ತಪ್ಪಿ ಬಿದ್ದುಹೋಗಿದ್ದುವು. ಪರೀಕ್ಷಕರಿಗೆ ಇನ್ನೊಂದು ಸಂಗತಿಯೂ ಗೋಚರವಾಯಿತು. ತಗಡುಗಳನ್ನು ಸುತ್ತಿ ತಂದಿದ್ದ ಕಂದು ಕಾಗದವು ಕೆಲವೆಡೆ ಮೊಳೆಗೂ ತಾಮ್ರಕ್ಕೂ ನಡುವೆ ಹಾಗೆಯೇ ಉಳಿದಿತ್ತು. ಅಂತಹ ಕಡೆ ಮೊಳೆಗಳು ಕೆಟ್ಟಿರಲಿಲ್ಲ. ಎರಡು ಲೋಹಗಳು ಒಂದನ್ನೊಂದು ಮುಟ್ಟಬಾರದೆಂಬ ಪಾಠವು ಹೀಗೆ ಆಗಲೇ ದೊರೆತಿತ್ತು. ಏಕೆ ಮುಟ್ಟಬಾರದೆಂಬುದನ್ನು ಹೇಳಬಲ್ಲವರು ಮಾತ್ರ ಯಾರೂ ಇರಲಿಲ್ಲ. ಗ್ಯಾಲ್ವಾನಿಯ ಪ್ರಯೋಗಗಳು ಪ್ರಕಟವಾದುದು ೧೭೯೧ರಲ್ಲಿ. ವೋಲ್ಟನ ವಿದ್ಯುತ್ಕೋಶವು ಲೋಕಕ್ಕೆ ತಿಳಿದುದು ೧೮೦೦ರಲ್ಲಿ.

ಹದಿನೈದು ವರ್ಷಗಳವರೆಗೆ ವಿಷಯವು ಅಲ್ಲೊಂದು ಇಲ್ಲೊಂದು ಪ್ರಯೋಗದ ಮಟ್ಟದಲ್ಲಿಯೇ ನಿಂತಿತ್ತು. ಅದನ್ನು ಮುಂದಕ್ಕೆ ತಳ್ಳಿದುದು ಯುದ್ಧ. ಅಮೆರಿಕದ ಸ್ವಾತಂತ್ರ್ಯಸಂಗ್ರಾಮದಲ್ಲಿ ೧೭೭೮ರಲ್ಲಿ ಫ್ರಾನ್ಸೂ ೧೭೭೯ರಲ್ಲಿ ಸ್ಪೇನೂ ಬ್ರಿಟನ್ನಿಗೆ ಇದಿರಾಗಿ ನಿಂತುವು. ಇಬ್ಬರ ನೌಕೆಗಳೂ ಕೂಡಿದರೆ ಸಂಖ್ಯೆಯಲ್ಲಿ ಬ್ರಿಟಿಷರನ್ನು ಮೀರುತ್ತಿದ್ದುವು. ಹೊಸ ನೌಕೆಯೊಂದನ್ನು ಕಟ್ಟಲು ವರ್ಷಗಳೇ ಬೇಕು. ಇದ್ದ ನೌಕೆಗಳನ್ನೇ ಹೆಚ್ಚು ಕಾಲ ಕಡಲಿನಲ್ಲಿರಿಸಿ ಹೆಚ್ಚು ವೇಗವಾಗಿ ಓಡಿಸಲು ತಾಮ್ರವೊಂದೇ ಮಾರ್ಗವೆಂದು ನೌಕಾಮಂಡಲಿಯ ಕಂಟ್ರೋಲರನಾಗಿದ್ದ ಚಾರ್ಲ್ಸ್ ಮಿಡಲ್‌ಟನ್ ನಿಶ್ಚಯಿಸಿದನು. ಕಬ್ಬಿಣದ ಬೋಲ್ಟುಗಳ ಅಪಾಯವನ್ನು ಅವನು ಅರಿಯದವನಲ್ಲ. ಡಾಂಬರು ಹಚ್ಚಿದ ಕಾಗದವನ್ನು ಹಲಗೆಗೂ ತಾಮ್ರಕ್ಕೂ ನಡುವೆ ಇರಿಸಿದರೆ ಸಾಕಾಗುವುದೆಂದು ನಂಬಿದನು. 'ಬೆಲೋನಾ' ನೌಕೆಯ ಮಾದರಿಗೆ ತಾಮ್ರ ಹೊದಿಸಿ ಮೂರನೆಯ ಜಾರ್ಜ್ ದೊರೆಗೆ ತೋರಿಸಿ ಅವನ ಒಪ್ಪಿಗೆಯನ್ನು ಪಡೆದರೆಂದು ಇತಿಹಾಸಕಾರರು ಹೇಳುತ್ತಾರೆ.

ಕೆಲಸವು ಅತ್ಯಾಶ್ಚರ್ಯಕರವಾದ ವೇಗದಿಂದ ನಡೆಯಿತು. 'ವಿಕ್ಟರಿ' ನೌಕೆಯೊಂದಕ್ಕೇ ೧೭೮೦ರಲ್ಲಿ ೩,೯೨೩ ತಗಡುಗಳನ್ನು ಹೊಡೆದರು. ೧೭೮೨ರ ಆರಂಭದ ವೇಳೆಗೆ, ಸಾಲುಗಟ್ಟಿ ನಿಂತು ಕಾದುವ ದೊಡ್ಡ ನೌಕೆಗಳಲ್ಲಿ ೮೨ಕ್ಕೂ ಫ್ರಿಗೇಟುಗಳಲ್ಲಿ ೧೧೫ಕ್ಕೂ ತಾಮ್ರಕವಚವಾಗಿತ್ತು. ಫಲವೂ ಬೇಗನೆ ಕಂಡಿತು. ೧೭೮೦ರ ಜನವರಿ ೧೬ರಂದು ಜಿಬ್ರಾಲ್ಟರಿಗೆ ನೆರವೊಯ್ಯುತ್ತಿದ್ದ ಅಡ್ಮಿರಲ್ ರಾಡ್ನಿಯು ಸೇಂಟ್ ವಿನ್ಸೆಂಟ್ ಭೂಶಿರದ ಹತ್ತಿರ ಸ್ಪೇನಿನ ಪಡೆಯನ್ನು ಕಂಡನು. ಸ್ಪೇನಿನವರು ಬಂದರಿನ ಕಡೆಗೆ ತಿರುಗಿದರು. ರಾಡ್ನಿಯ ತಾಮ್ರದಡಿಯ ನೌಕೆಗಳು ಅವರನ್ನು ಬೆನ್ನಟ್ಟಿ ಹಿಡಿದುವು. ಬೆಳುದಿಂಗಳಿನಲ್ಲಿ ನಡುರಾತ್ರಿ ಕಳೆಯುವವರೆಗೂ ಕಾಳಗವಾಯಿತು. ಸ್ಪೇನಿನ ನೌಕೆಯೊಂದು ಸಿಡಿದುಹೋಯಿತು, ಆರು ಸೆರೆಸಿಕ್ಕುವು.

ಆದರೆ ಜಯದ ಅಡಿಯಲ್ಲಿಯೇ ಕೇಡು ಬೆಳೆಯುತ್ತಿತ್ತು. ದೊಡ್ಡ ನೌಕೆಯ ಪಕ್ಕೆಮರಗಳನ್ನೂ ಹಲಗೆಗಳನ್ನೂ ಬಿಗಿದು ಹಿಡಿದಿದ್ದುದು ಸಾವಿರಾರು ಕಬ್ಬಿಣದ ಬೋಲ್ಟುಗಳು. ಕಾಗದವು ಎಲ್ಲಿಯಾದರೂ ಹರಿದು ಉಪ್ಪುನೀರು ಒಳಗೆ ಸೇರಿದರೆ ಬೋಲ್ಟಿನ ಸವೆತ ಪ್ರಾರಂಭವಾಗುವುದು. ಹೊರಗಿನಿಂದ ನೋಡಿದರೆ ತಗಡು ಹೊಳೆಯುತ್ತಿರುವುದು. ಒಳಗೆ ಬೋಲ್ಟು ಎಳೆಯಂತೆ ಸಣ್ಣಗಾಗಿರುವುದು. ೧೭೮೨ರ ಸೆಪ್ಟೆಂಬರಿನಲ್ಲಿ ಜಮೈಕದಿಂದ ಹಿಂದಿರುಗುತ್ತಿದ್ದ ಪಡೆಯು ಅಟ್ಲಾಂಟಿಕ್ ಸಾಗರದ ನಡುವೆ ಚಂಡಮಾರುತಕ್ಕೆ ಸಿಕ್ಕಿತು. 'ರ‍್ಯಾಮಿಲೀಸ್', 'ಸೆಂಟೂರ್' ಮೊದಲಾದ ದೊಡ್ಡ ನೌಕೆಗಳು ನಷ್ಟವಾದುವು. ಸಾವಿರಾರು ಜನ ಮಡಿದರು. ಬಿರುಗಾಳಿಯು ಭೀಕರವಾಗಿತ್ತೆಂಬುದು ನಿಜ. ಆದರೂ ನೌಕೆಗಳ ಬಂಧವೇ ಮೊದಲು ಸಡಿಲಿತ್ತೆಂಬ ಸಂಶಯವು ಎಲ್ಲರ ಮನಸ್ಸಿನಲ್ಲಿ ಮೂಡಿತು. ದುರಸ್ತಿಗೆ ಬಂದ ಇತರ ನೌಕೆಗಳ ಬೋಲ್ಟುಗಳನ್ನು ಕಿತ್ತು ನೋಡಿದಾಗ ಆ ಸಂಶಯಕ್ಕೆ ಪುಷ್ಟಿಯೇ ದೊರೆಯಿತು.

ಇನ್ನು ಉಳಿದಿದ್ದ ದಾರಿಗಳು ಎರಡು: ತಾಮ್ರವನ್ನು ಬಿಡುವುದು, ಇಲ್ಲವೆ ಕಬ್ಬಿಣವನ್ನು ಬಿಡುವುದು. ತಾಮ್ರದ ಬೋಲ್ಟು ಮೆತುವಾದುದರಿಂದ ಓಕ್ ಮರದೊಳಕ್ಕೆ ಹೊಡೆದರೆ ಬಾಗುತ್ತಿತ್ತು. ಈ ಕಷ್ಟವನ್ನು ಪರಿಹರಿಸಿದವರು ಲೋಹದ ಕಾರ್ಖಾನೆಗಳವರು. ತಾಮ್ರವನ್ನು ಕಾಯಿಸದೆಯೇ ಒತ್ತಿ ಉರುಳಿಸಿ ಗಡುಸುಮಾಡುವ ಕ್ರಮವು ೧೭೮೩ರಲ್ಲಿ ಸಿದ್ಧಿಸಿತು. ಮುಂದಿನ ಕೆಲವು ವರ್ಷಗಳಲ್ಲಿ ನೌಕೆಗಳ ಅಡಿಭಾಗದ ಕಬ್ಬಿಣದ ಬೋಲ್ಟುಗಳನ್ನು ತೆಗೆದು ಹೊಸ ಬಗೆಯವನ್ನು ಹೊಡೆದರು. ಫ್ರಾನ್ಸಿನೊಡನೆ ೧೭೯೩ರಲ್ಲಿ ಪ್ರಾರಂಭವಾದ ದೀರ್ಘಯುದ್ಧದಲ್ಲಿ ಬ್ರಿಟಿಷ್ ನೌಕೆಗಳು ಶತ್ರುವಿನ ಬಂದರುಗಳನ್ನು ತಿಂಗಳುಗಟ್ಟಲೆ ಕಾದು ನಿಲ್ಲಲು ಸಾಧ್ಯವಾದುದರಲ್ಲಿ ಈ ಕೆಲಸದ ಪಾಲು ಅಲ್ಪವಲ್ಲ.

ಮೊಳೆಗಳು ಕರಗುತ್ತಿದ್ದ ಕಾರಣವನ್ನು ವಿಶದಪಡಿಸಿದವನು ಹಂಫ್ರಿ ಡೇವಿ. ಉಪ್ಪುನೀರಿನಲ್ಲಿ ಎರಡು ಲೋಹಗಳು ಒಂದಕ್ಕೊಂದು ತಾಗಿದ್ದರೆ ಅವುಗಳ ನಡುವೆ ವಿದ್ಯುತ್ತು ಹರಿಯುವುದು. ಕಬ್ಬಿಣವು ಸವೆಯುವುದು, ತಾಮ್ರವು ಉಳಿಯುವುದು. ಹಾಗಾದರೆ ಬೇಕೆಂದೇ ಸ್ವಲ್ಪ ಕಬ್ಬಿಣವನ್ನೋ ಸತುವನ್ನೋ ತಗುಲಿಸಿ ಬೆಲೆಬಾಳುವ ತಾಮ್ರವನ್ನು ಸವೆಯದಂತೆ ಏಕೆ ಕಾಪಾಡಬಾರದು? ೧೮೨೪ರಲ್ಲಿ ಡೇವಿಯು ಈ ಸಲಹೆಯನ್ನು ರಾಯಲ್ ಸೊಸೈಟಿಯ ಮುಂದಿಟ್ಟನು. ಕೊಚ್ಚಿಯಲ್ಲಿ ಕಟ್ಟಿದ್ದ 'ಸಮರಾಂಗ್' ಎಂಬ ನೌಕೆಯೂ ಪ್ರಯೋಗಕ್ಕೆ ಒಳಗಾಯಿತು. ತಾಮ್ರವು ಸವೆಯದೆ ಉಳಿಯಿತು. ತತ್ತ್ವವು ಅಕ್ಷರಶಃ ಸತ್ಯವಾಯಿತು. ಆದರೆ ಹೀಗೆ ರಕ್ಷಿತವಾದ ನೌಕೆಗಳ ಅಡಿಯಲ್ಲಿ ಕಳೆಯೂ ಚಿಪ್ಪುಗಳೂ ಮತ್ತೆ ದಟ್ಟವಾಗಿ ಬೆಳೆಯತೊಡಗಿದುವು. ಕೆಲವೇ ವರ್ಷಗಳಲ್ಲಿ ಆ ರಕ್ಷಕಗಳನ್ನು ಕಿತ್ತುಹಾಕಬೇಕಾಯಿತು.

ಇದರಿಂದ ತಾಮ್ರದ ಗುಣದ ಮರ್ಮವೂ ಹೊರಬಿದ್ದಿತು. ತಾಮ್ರವು ನೀರಿನಲ್ಲಿ ಎಡೆಬಿಡದೆ ಕಣಕಣವಾಗಿ ಕರಗುತ್ತಿರುವುದರಿಂದಲೇ ಅದರ ವಿಷಕ್ಕೆ ಅಂಜಿ ಜೀವಿಗಳು ಅಂಟಿಕೊಳ್ಳುವುದಿಲ್ಲ. ಸವೆತವನ್ನು ತಡೆದರೆ ಗುಣವೂ ತಡೆಯುವುದು. ಡೇವಿಯ ತತ್ತ್ವವು ಆದರೂ ವ್ಯರ್ಥವಾಗಲಿಲ್ಲ. ಇಂದಿನ ಉಕ್ಕಿನ ಹಡಗುಗಳಿಗೆ ಸತುವಿನ ಗಟ್ಟಿಗಳನ್ನು ಜೋಡಿಸುವುದು ಅದೇ ತತ್ತ್ವದ ಮೇಲೆ. ಅವುಗಳ ಅಡಿಗೆ ಬಳಿಯುವ ಬಣ್ಣಗಳಲ್ಲಿ ತಾಮ್ರದ ಸಂಯುಕ್ತಗಳು ಇಂದಿಗೂ ಸೇರುತ್ತವೆ. 'ಅಲಾರಂ' ನೌಕೆಯಲ್ಲಿ ಮೊಳೆಗಳನ್ನು ಉಳಿಸಿದ ಆ ಕಂದು ಕಾಗದದ ಚೂರುಗಳ ಅರ್ಥವು ಪೂರ್ಣವಾಗಿ ತಿಳಿಯಲು ಅರುವತ್ತು ವರ್ಷಗಳು ಹಿಡಿದುವು. ಅಷ್ಟರೊಳಗೆ ಬ್ರಿಟಿಷರು ತಾಮ್ರದಿಂದ ಯುದ್ಧಗಳನ್ನು ಗೆದ್ದೂ ಇದ್ದರು, ಅದರ ಬೆಲೆಯನ್ನು ತೆತ್ತೂ ಇದ್ದರು.