ಹೆಬ್ಬೆಟ್ಟಿಗೂ ಬೀಗ ಬೇಕು



ಒಂದು ಕಾಲದಲ್ಲಿ ಹೆಬ್ಬೆಟ್ಟು ಒತ್ತುವವನೆಂದರೆ ಅಕ್ಷರ ಬಾರದವನೆಂದು ಜನ ಹಗುರವಾಗಿ ಕಾಣುತ್ತಿದ್ದರು. ಇಂದು ಕಾಲೇಜು ಮೆಟ್ಟಿಲು ಹತ್ತಿದವನೂ ಹೆಬ್ಬೆಟ್ಟು ಒತ್ತದೆ ಮುಂದೆ ಹೋಗುವಂತಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತರಲು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ನೋಂದಾಯಿಸಲು, ಹೊಸ ಸಿಮ್ ಕೊಳ್ಳಲು, ಹಳ್ಳಿಗೆ ಬರುವ ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಹಣ ಪಡೆಯಲು ಎಲ್ಲೆಲ್ಲೂ ಬೆರಳೇ ಸಾಕ್ಷಿ. ಬೆರಳು ಸಹಿಯ ಸ್ಥಾನ ದಾಟಿ ಬೀಗದ ಕೈಯ ಸ್ಥಾನಕ್ಕೆ ಬಂದಿದೆ. ಆದರೆ ಮನೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುವ ನಾವು ಈ ಬೀಗದ ಕೈಯ ನಕಲನ್ನು ಎಷ್ಟು ಕಡೆ ಬಿಟ್ಟು ಬಂದಿದ್ದೇವೆ ಎಂಬುದನ್ನು ಯೋಚಿಸಿಯೇ ಇಲ್ಲ.

ಕಾವೇರಿಯ ಪತ್ರಗಳಿಂದ ನಡೆದ ಕಳವು

2023ರಲ್ಲಿ ನಮ್ಮ ರಾಜ್ಯದಲ್ಲೇ ನಡೆದ ಸಂಗತಿ ಇದು. ಜಮೀನು, ನಿವೇಶನ, ಮನೆಗಳ ಪತ್ರ ನೋಂದಾಯಿಸಿದ್ದ ಅನೇಕರ ಬ್ಯಾಂಕ್ ಖಾತೆಗಳಿಂದ ಅವರಿಗೆ ಅರಿವಿಲ್ಲದೆಯೇ ಹಣ ಹೋಗತೊಡಗಿತು. ಅವರಾರೂ ಓಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ, ಎಟಿಎಂ ಕಾರ್ಡು ಅವರ ಬಳಿಯೇ ಇತ್ತು. ಆ ವರ್ಷ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಹೊತ್ತಿಗೆ ದೂರುಗಳು ಹೆಚ್ಚಿ, ಬೆಂಗಳೂರಿನ ಪೊಲೀಸರು ತನಿಖೆ ನಡೆಸಿದಾಗ ಎಳೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದತ್ತ ಹೋಯಿತು. ಅಲ್ಲಿ ಸಿಗುತ್ತಿದ್ದ ಪತ್ರಗಳ ನಕಲುಗಳಲ್ಲಿ ಪಕ್ಷಗಾರರ ಆಧಾರ್ ಸಂಖ್ಯೆಯೂ ಇತ್ತು, ಬೆರಳಚ್ಚೂ ಇತ್ತು. ಕಳ್ಳನಿಗೆ ಬೇಕಾದ ಎರಡೂ ಒಂದೇ ಹಾಳೆಯಲ್ಲಿ ಸಿಕ್ಕಿದ್ದವು. ಬಳಿಕ ಸರ್ಕಾರವು ನಕಲುಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಕೈಗೊಂಡಿತು.

ಇಂಥ ಉಪಾಯ ನಡೆದದ್ದು ಅದೇ ಮೊದಲಲ್ಲ. ನೆರೆಯ ತೆಲಂಗಾಣದಲ್ಲಿ 2018ರಲ್ಲೇ ನೋಂದಣಿ ಇಲಾಖೆಯ ಜಾಲತಾಣದ ಪತ್ರಗಳಿಂದ ಬೆರಳಚ್ಚು ತೆಗೆದು, ಅಚ್ಚು ಮಾಡಿ, ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿದ್ದು ಬಯಲಾಗಿತ್ತು.

ಇದು ಪಟ್ಟಣದವರ ತೊಂದರೆ, ನಮಗೇನು ಎಂದು ಅರಕಲಗೂಡು, ಕೊಣನೂರು, ಮಲ್ಲಿಪಟ್ಟಣದ ಕಡೆಯ ಬೆಳೆಗಾರರು ಸುಮ್ಮನಿರುವಂತಿಲ್ಲ. ಪಟ್ಟಣದವನು ಜೀವಮಾನದಲ್ಲಿ ಒಮ್ಮೆಯೋ ಎರಡು ಸಲವೋ ನಿವೇಶನದ ಪತ್ರ ಮಾಡಿಸಿಯಾನು. ನಮ್ಮಲ್ಲಾದರೋ ಅಣ್ಣ ತಮ್ಮಂದಿರ ವಿಭಾಗ ಪತ್ರ, ಸಾಲಕ್ಕಾಗಿ ಅಡಮಾನ ಪತ್ರ, ಸಾಲ ತೀರಿದ ಮೇಲೆ ಅದರ ಬಿಡುಗಡೆ, ಮಗಳಿಗೆ ದಾನಪತ್ರ, ಪಕ್ಕದ ಅರ್ಧ ಎಕರೆಯ ಕ್ರಯಪತ್ರ ಎಂದು ಹೆಬ್ಬೆಟ್ಟು ಒತ್ತಿದ್ದಕ್ಕೆ ಲೆಕ್ಕವೇ ಇಲ್ಲ. ಮುಂದಿನ ನಕಲುಗಳಿಗೆ ಮರೆ ಬಂದರೂ ಈಗಾಗಲೇ ಹೊರಗೆ ಹೋಗಿರುವ ನಕಲುಗಳನ್ನು ಯಾರೂ ಹಿಂದಕ್ಕೆ ತರಲಾರರು. ಪಿನ್ ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ಹಣ ಹೋಗುವ ದಾರಿ

ಬ್ಯಾಂಕ್ ಮಿತ್ರರು ತರುವ ಕೈಯಂತ್ರವು ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಿಂದ ನಡೆಯುತ್ತದೆ. ಇದನ್ನು ಚಿಕ್ಕದಾಗಿ ಎಇಪಿಎಸ್ ಎನ್ನುತ್ತಾರೆ. ಬ್ಯಾಂಕಿಲ್ಲದ ಊರಿನ ಮುದುಕರಿಗೂ ಪಿಂಚಣಿ ಹಣ ಮನೆ ಬಾಗಿಲಲ್ಲೇ ಸಿಗಲಿ ಎಂಬ ಒಳ್ಳೆಯ ಉದ್ದೇಶದಿಂದ ಬಂದದ್ದು. ಇದಕ್ಕೆ ಬೇಕಾದದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಿನ ಗುರುತು. ಪಿನ್ ಬೇಡ, ಓಟಿಪಿ ಬೇಡ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಕಳ್ಳರು ಕಾಗದದ ಮೇಲಿನ ಬೆರಳಚ್ಚನ್ನು ರಬ್ಬರಿನಂಥ ವಸ್ತುವಿನಲ್ಲಿ ಅಚ್ಚು ತೆಗೆದು ಯಂತ್ರದ ಮೇಲಿಡುತ್ತಾರೆ. ಯಂತ್ರದ ಮೇಲಿರುವುದು ಜೀವಂತ ಬೆರಳೋ ಬರಿಯ ಅಚ್ಚೋ ಎಂದು ಪರೀಕ್ಷಿಸುವ ಏರ್ಪಾಡನ್ನು ಆಧಾರ್ ಪ್ರಾಧಿಕಾರವು 2023ರ ಫೆಬ್ರವರಿಯಲ್ಲೇ ಪ್ರಕಟಿಸಿತ್ತು. ಆದರೂ ಅದೇ ವರ್ಷ ಮೇಲಿನ ಕಳವುಗಳು ನಡೆದವು. ಆದ್ದರಿಂದ ಯಂತ್ರದ ಜಾಣತನವನ್ನೇ ನಂಬಿ ಕೂರದೆ ನಮ್ಮ ಕಡೆಯಿಂದಲೂ ಒಂದು ಬೀಗ ಹಾಕುವುದು ಕ್ಷೇಮ.

ಬೀಗ ಹಾಕುವ ಕ್ರಮ

ಬೆರಳಿಗೆ ಬೀಗ ಹಾಕುವ ಸೌಲಭ್ಯವನ್ನು ಆಧಾರ್ ಪ್ರಾಧಿಕಾರವೇ ಕೊಟ್ಟಿದೆ. ಇದಕ್ಕೆ ಬಯೋಮೆಟ್ರಿಕ್ ಲಾಕ್ ಎಂದು ಹೆಸರು. ಪ್ರಾಧಿಕಾರದ ಮೈಆಧಾರ್ ಜಾಲತಾಣದಲ್ಲಿ ಆಧಾರ್ ಸಂಖ್ಯೆ ಕೊಟ್ಟು, ಮೊಬೈಲಿಗೆ ಬರುವ ಓಟಿಪಿ ಹಾಕಿ ಒಳಹೊಕ್ಕರೆ ಬಯೋಮೆಟ್ರಿಕ್ ಲಾಕ್ ಮಾಡುವ ಜಾಗ ಸಿಗುತ್ತದೆ. ಪ್ರಾಧಿಕಾರದ ಮೊಬೈಲ್ ಆಪ್‌ನಲ್ಲೂ ಇದನ್ನು ಮಾಡಬಹುದು. ಎರಡೂ ತಿಳಿಯದವರು ಆಧಾರ್ ಸೇವಾ ಕೇಂದ್ರದಲ್ಲಿ ಕೇಳಬಹುದು. ವಿಚಾರಣೆಗೆ 1947 ಎಂಬ ದೂರವಾಣಿ ಇದೆ. ಸ್ವಾತಂತ್ರ್ಯ ಬಂದ ವರ್ಷ ಎಂದು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ.

ಬೀಗ ಹಾಕಿದ ಮೇಲೆ ಅಸಲಿ ಬೆರಳು, ನಕಲಿ ಬೆರಳು ಎರಡಕ್ಕೂ ಯಂತ್ರ ಬಾಗಿಲು ತೆರೆಯದು. ಹೀಗಾಗಿ ಪಡಿತರಕ್ಕೋ ನೋಂದಣಿಗೋ ಹೋಗುವ ಮುನ್ನ ಅದೇ ಜಾಗದಲ್ಲಿ ತಾತ್ಕಾಲಿಕವಾಗಿ ಬೀಗ ತೆಗೆಯಬೇಕು. ಕೆಲವು ನಿಮಿಷಗಳಾದ ಮೇಲೆ ಅದು ತಾನೇ ಹಾಕಿಕೊಳ್ಳುತ್ತದೆ. ತೆಗೆಯದೆ ಹೋಗಿ ಬೆರಳಿಟ್ಟರೆ 330 ಎಂಬ ದೋಷ ಸಂಖ್ಯೆ ಬರುತ್ತದೆ. ಆಗ ಅಂಗಡಿಯವರೊಡನೆ ಜಗಳ ಬೇಡ. ಯಂತ್ರ ಕೆಟ್ಟಿಲ್ಲ, ಬೀಗ ಕೆಲಸ ಮಾಡುತ್ತಿದೆ ಎಂದೇ ಅದರ ಅರ್ಥ.

ಬೀಗವನ್ನೇ ಹಾಕದಿದ್ದರೂ ಯಂತ್ರ ಬೆರಳನ್ನು ಒಪ್ಪದಿರುವುದು ನಮ್ಮವರಲ್ಲಿ ಹೆಚ್ಚು. ಅಡಿಕೆ ಸುಲಿದು ಚೊಗರು ಹಿಡಿದ, ಗುದ್ದಲಿ ಕತ್ತಿ ಹಿಡಿದು ಸವೆದ ಬೆರಳಿನಲ್ಲಿ ಗೆರೆಗಳು ಮಾಸಿರುತ್ತವೆ. ಕೈಯನ್ನು ಸೋಪಿನಿಂದ ತೊಳೆದು ಒರೆಸಿ, ಬೇರೆ ಬೆರಳನ್ನು ಇಟ್ಟು ನೋಡಬೇಕು. ಪದೇ ಪದೇ ಹೀಗಾದರೆ ಆಧಾರ್ ಕೇಂದ್ರದಲ್ಲಿ ಬೆರಳಿನ ಗುರುತನ್ನು ಹೊಸದಾಗಿ ಕೊಡಬೇಕು. "ಬರಲಿಲ್ಲ, ಇನ್ನೊಮ್ಮೆ ಒತ್ತಿ" ಎಂದು ಯಾರಾದರೂ ಮತ್ತೆ ಮತ್ತೆ ಒತ್ತಿಸಿದರೆ ಹೊರಡುವ ಮುನ್ನ ಖಾತೆಯಲ್ಲಿ ಎಷ್ಟು ಸಲ ಹಣ ಹೋಗಿದೆ ಎಂಬುದನ್ನು ತಪ್ಪದೆ ನೋಡಿಕೊಳ್ಳಿ. ನಿಮ್ಮ ಆಧಾರನ್ನು ಈಚಿನ 6 ತಿಂಗಳಲ್ಲಿ ಎಲ್ಲೆಲ್ಲಿ ಬಳಸಲಾಗಿದೆ ಎಂಬ ಪಟ್ಟಿಯೂ ಮೈಆಧಾರ್ ಜಾಲತಾಣದಲ್ಲೇ ಸಿಗುತ್ತದೆ.

ಎಲ್ಲಕ್ಕೂ ಮೂಲ, ಮೊಬೈಲ್ ಸಂಖ್ಯೆ

ಮೇಲೆ ಹೇಳಿದ ಬೀಗವನ್ನು ಹಾಕುವುದೂ ತೆಗೆಯುವುದೂ ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆಯಿಂದ. ಬ್ಯಾಂಕಿನ ಸಂದೇಶ ಬರುವುದೂ ನೀವು ಬ್ಯಾಂಕಿಗೆ ಕೊಟ್ಟ ಸಂಖ್ಯೆಗೇ. ನಮ್ಮ ಅನೇಕ ಮನೆಗಳಲ್ಲಿ ಆಧಾರಿಗೆ ಕೊಟ್ಟ ಸಂಖ್ಯೆ ಎಂದೋ ಕೈಬಿಟ್ಟ ಸಿಮ್ಮಿನದು, ಇಲ್ಲವೇ ಬೆಂಗಳೂರಿನಲ್ಲಿರುವ ಮಗನದು. 90 ದಿನ ಬಳಸದೆ ಬಿಟ್ಟ ಸಂಖ್ಯೆಯನ್ನು ಕಂಪನಿ ರದ್ದುಮಾಡಿ ಕ್ರಮೇಣ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಓಟಿಪಿ ಯಾರ ಮನೆಗೆ ಹೋದೀತು, ಯೋಚಿಸಿ. ಈ ಸಂಖ್ಯೆಯನ್ನು ಸರಿಪಡಿಸುವುದು ಮೊದಲ ಕೆಲಸ. ಅದಾಗದೆ ಉಳಿದ ಯಾವ ಕೆಲಸವೂ ಆಗದು.

ಫೋನಿನಲ್ಲಿ ಇದ್ದಕ್ಕಿದ್ದಂತೆ ನೆಟ್‌ವರ್ಕ್ ಹೋದರೆ ನಮ್ಮ ಕಡೆ ಯಾರೂ ಗಾಬರಿಯಾಗುವುದಿಲ್ಲ. ಕರೆಂಟು ಹೋದರೆ ಟವರೂ ಹೋಗುವುದು ಮಳೆಗಾಲದ ರೂಢಿ. ಆದರೂ ಒಂದು ಪರೀಕ್ಷೆ ಮಾಡತಕ್ಕದ್ದು. ಅದೇ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರ ಫೋನಿನಲ್ಲಿ ನೆಟ್‌ವರ್ಕ್ ಇದ್ದು ನಿಮ್ಮದರಲ್ಲಿ ಮಾತ್ರ ಗಂಟೆಗಟ್ಟಲೆ ಇಲ್ಲದಿದ್ದರೆ, ನಿಮ್ಮ ಹೆಸರಿನಲ್ಲಿ ಬೇರಾರೋ ನಕಲಿ ಸಿಮ್ ಪಡೆದಿರುವ ಸಂಭವವೂ ಉಂಟು. ಕೂಡಲೇ ಇನ್ನೊಂದು ಫೋನಿನಿಂದ ಸಿಮ್ ಕಂಪನಿಗೂ ಬ್ಯಾಂಕಿಗೂ ತಿಳಿಸಬೇಕು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು. 2023ರ ಮೇ ತಿಂಗಳಲ್ಲಿ ಆರಂಭವಾದ ಈ ತಾಣದಲ್ಲಿ, ಕಳೆದುಹೋದ ಫೋನನ್ನು ಯಾರೂ ಬಳಸದಂತೆ ತಡೆಯಲೂ ಅವಕಾಶವಿದೆ. ಅದಕ್ಕೆ ಬೇಕಾದ ಐಎಂಇಐ ಸಂಖ್ಯೆಯನ್ನು ಫೋನಿನಲ್ಲಿ *#06# ಒತ್ತಿ ಇಂದೇ ತಿಳಿದು ಪಹಣಿ ಇಡುವ ಕಡತದಲ್ಲಿ ಬರೆದಿಡಿ.

ಮಳೆಯಲ್ಲಿ ಫೋನು ನೆನೆದರೆ ಚಾರ್ಜಿಗೆ ಹಾಕಬಾರದು. ಆಫ್ ಮಾಡಿ, ಒರೆಸಿ, ಗಾಳಿಯಾಡುವ ಜಾಗದಲ್ಲಿಟ್ಟು ಒಣಗಿಸಬೇಕು. ಅಕ್ಕಿಯ ಡಬ್ಬಿಯಲ್ಲಿ ಹೂಳುವ ಪದ್ಧತಿಯಿಂದ ಧೂಳು, ನುಚ್ಚು ರಂಧ್ರಗಳಿಗೆ ಸೇರಿ ಇನ್ನಷ್ಟು ಕೆಡುತ್ತದೆ. ಸಿಮ್ಮನ್ನು ಮಾತ್ರ ತೆಗೆದು ಮನೆಯ ಬೇರೆ ಫೋನಿಗೆ ಹಾಕಿಕೊಳ್ಳಿ. ಬ್ಯಾಂಕಿನ ಸಂದೇಶ ತಪ್ಪಬಾರದು. ಕೀಲಿಮಣೆಯ ಹಳೆಯ ಫೋನಿನಲ್ಲಿ ಸಂದೇಶದ ಪೆಟ್ಟಿಗೆ ತುಂಬಿದರೆ ಹೊಸ ಸಂದೇಶ ಬರುವುದೇ ಇಲ್ಲ. ಹಳೆಯವನ್ನು ಅಳಿಸುತ್ತಿರಬೇಕು.

ವಾಟ್ಸಾಪಿನಲ್ಲಿ ಬರುವ ಕಡತ

ಪಿಎಂ ಕಿಸಾನ್ ಕಂತು, ಬ್ಯಾಂಕಿನ ಬಹುಮಾನ, ವಾಹನದ ದಂಡ, ಮದುವೆಯ ಕರೆಯೋಲೆ ಎಂಬ ಹೆಸರುಗಳಲ್ಲಿ ವಾಟ್ಸಾಪಿಗೆ ಕಡತಗಳು ಬರುತ್ತವೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರಕ್ಷರವಿದ್ದರೆ ಅದು ಕಾಗದವೂ ಅಲ್ಲ, ಚಿತ್ರವೂ ಅಲ್ಲ. ಫೋನಿನಲ್ಲಿ ನೆಲೆಯೂರುವ ಒಂದು ಆಪ್. ಒತ್ತಿ ಅನುಮತಿ ಕೊಟ್ಟರೆ ನಿಮಗೆ ಬರುವ ಓಟಿಪಿಯನ್ನು ಅದೇ ಓದಿ ಕಳ್ಳನಿಗೆ ಕಳಿಸುತ್ತದೆ. ಪರಿಚಯದವರ ಸಂಖ್ಯೆಯಿಂದ ಬಂದರೂ ನಂಬಬಾರದು, ಅವರ ಫೋನಿಗೂ ಈ ರೋಗ ತಗುಲಿರಬಹುದು.

ಒತ್ತಿಬಿಟ್ಟಿದ್ದರೆ ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಕೂಡ ಆರಿಸಿ. ಕಳ್ಳನಿಗೆ ಹೋಗುವ ದಾರಿ ಅಲ್ಲಿಗೆ ಮುಚ್ಚುತ್ತದೆ. ಇನ್ನೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆ ತಡೆಹಿಡಿಸಿ. ಆಮೇಲೆ ಸೆಟ್ಟಿಂಗ್ಸಿನ ಆಪ್‌ಗಳ ಪಟ್ಟಿಯಲ್ಲಿ ಅದನ್ನು ತೆಗೆದುಹಾಕಿ. ತೆಗೆಯಲು ಬಾರದಿದ್ದರೆ ಫೋಟೋ, ಸಂಖ್ಯೆಗಳ ಪ್ರತಿ ಇಟ್ಟುಕೊಂಡು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸುವುದೇ ದಾರಿ. ಪಿನ್‌ಗಳನ್ನು ಶುದ್ಧವಾದ ಫೋನಿನಿಂದಲೇ ಬದಲಿಸಬೇಕು.

ಕಂಪನಿಯ ಸಹಾಯವಾಣಿಯವರೆಂದು ಹೇಳಿ ಎನಿಡೆಸ್ಕ್‌ನಂಥ ಆಪ್ ಹಾಕಿಸುವವರ ಬಗ್ಗೆ ರಿಸರ್ವ್ ಬ್ಯಾಂಕು 2019ರಲ್ಲೇ ಎಚ್ಚರಿಸಿದೆ. ಅದರಿಂದ ನಿಮ್ಮ ಪರದೆ ಅವರಿಗೂ ಕಾಣುತ್ತದೆ. ಹಣ ಕೊಡುವಾಗ ಮಾತ್ರ ಪಿನ್ ಬೇಕು, ಹಣ ಬರಲು ಪಿನ್ ಬೇಡ ಎಂಬ ಒಂದೇ ಮಾತನ್ನು ಮನೆಯ ಹೆಂಗಸರು, ಮಕ್ಕಳು, ಹಿರಿಯರು ಎಲ್ಲರಿಗೂ ಹೇಳಿಡಿ.

ಲ್ಯಾಪ್‌ಟಾಪೂ ಸೈಬರ್ ಸೆಂಟರೂ

ಮನೆಯಲ್ಲಿ ಮಕ್ಕಳ ಲ್ಯಾಪ್‌ಟಾಪಿನಲ್ಲಿ ತೋಟದ ಲೆಕ್ಕ, ಆಳುಗಳ ಬಟವಾಡೆ ಬರೆದಿಡುವ ಸದಸ್ಯರು ಈಗ ಇದ್ದಾರೆ. ಅದು ವಿಂಡೋಸ್ 10 ಆಗಿದ್ದರೆ, 2025ರ ಅಕ್ಟೋಬರ್ 14ಕ್ಕೆ ಅದಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ಮುಗಿದಿದೆ ಎಂಬುದು ತಿಳಿದಿರಲಿ. ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಒಳ್ಳೆಯದಲ್ಲ. ಹೊಸದಕ್ಕೆ ಏರಿಸಲು ಬರುವುದೇ ಎಂದು ತಿಳಿದವರಿಂದ ನೋಡಿಸಿ. ಲೆಕ್ಕದ ಒಂದು ಪ್ರತಿ ಪೆನ್‌ಡ್ರೈವಿನಲ್ಲಿರಲಿ, ಅದನ್ನು ಯಂತ್ರಕ್ಕೆ ಚುಚ್ಚಿಯೇ ಬಿಡಬಾರದು. ವೋಲ್ಟೇಜ್ ಏರಿಳಿತದಲ್ಲಾಗಲಿ ವೈರಸ್ಸಿನಲ್ಲಾಗಲಿ ಎರಡೂ ಒಟ್ಟಿಗೆ ಹೋಗುತ್ತವೆ.

ಸೈಬರ್ ಸೆಂಟರಿನಲ್ಲಿ ಪಹಣಿ, ಋಣಭಾರ ಪತ್ರ ತೆಗೆಸುವಾಗ ನಿಮ್ಮ ಆಧಾರ್ ಕಡತವನ್ನು ಅಲ್ಲಿಯ ಕಂಪ್ಯೂಟರಿನಲ್ಲಿ ಬಿಟ್ಟುಬರಬೇಡಿ. ಎದುರಿಗೇ ಅಳಿಸಿಸಿ, ಅಳಿಸಿದ್ದು ಹೋಗುವ ಕಸದ ಬುಟ್ಟಿಯನ್ನೂ ಖಾಲಿ ಮಾಡಿಸಿ. ವಾಟ್ಸಾಪ್ ತೆರೆದು ಕಳಿಸಿದ್ದರೆ ನಿಮ್ಮ ಫೋನಿನ ಲಿಂಕ್ಡ್ ಡಿವೈಸಸ್ ಪಟ್ಟಿಯಲ್ಲಿ ಅದನ್ನು ಲಾಗೌಟ್ ಮಾಡಿ. ಕೊಡಲೇಬೇಕಾದ ಕಡೆ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುವುದೇ ಎಂದು ಮೊದಲು ಕೇಳಿ.

ಹಣ ಹೋದರೆ

ನಾಚಿಕೆಪಟ್ಟು ಮನೆಯಲ್ಲಿ ಮುಚ್ಚಿಡುವುದರಿಂದ ಕಳ್ಳನಿಗೇ ಅನುಕೂಲ. ಕೂಡಲೇ 1930ಕ್ಕೆ ಫೋನು ಮಾಡಬೇಕು. ಕದ್ದ ಹಣ ಖಾತೆಯಿಂದ ಖಾತೆಗೆ ಹಾರುತ್ತಾ ಹೋಗುತ್ತದೆ. ಮೊದಲ ಒಂದೆರಡು ಗಂಟೆಯೊಳಗೆ ತಿಳಿಸಿದರೆ ನಡುದಾರಿಯಲ್ಲೇ ತಡೆಯುವ ಸಂಭವ ಹೆಚ್ಚು. ಆಮೇಲೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಸಂದೇಶದಲ್ಲಿ ಎಇಪಿಎಸ್ ಎಂದಿದ್ದರೆ ಅದನ್ನು ದೂರಿನಲ್ಲಿ ಕಾಣಿಸಿ, ಆ ದಿನವೇ ಬೆರಳಿಗೆ ಬೀಗ ಹಾಕಿ. ಪೊಲೀಸ್ ದೂರನ್ನು ಹತ್ತಿರದ ಠಾಣೆಯಲ್ಲಿ ಅಥವಾ ಹಾಸನದಲ್ಲಿ ಸೆನ್ ಠಾಣೆ ಎಂದು ಜನ ಕರೆಯುವ ಸೈಬರ್ ಅಪರಾಧ ಠಾಣೆಯಲ್ಲಿ ಕೊಡಬಹುದು.

ಬೇಗ ತಿಳಿಸುವುದಕ್ಕೆ ಇನ್ನೊಂದು ಕಾರಣವೂ ಉಂಟು. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು, ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋದ ಪ್ರಕರಣದಲ್ಲಿ 3 ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನ ಮೇಲೆ ನಷ್ಟದ ಹೊಣೆ ಇಲ್ಲವೆಂದು ವಿಧಿಸಿತು. 4ರಿಂದ 7 ದಿನವಾದರೆ ಮಿತವಾದ ಹೊಣೆ. ಅದೇ ವರ್ಷ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಇಂಥದೇ ಸುತ್ತೋಲೆ ಬಂತು. ಓಟಿಪಿಯನ್ನು ತಾನೇ ಹೇಳಿದವನಿಗೆ ಈ ರಕ್ಷಣೆ ಕಡಿಮೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ಆದರೆ ಬೆರಳಚ್ಚು ಕದ್ದು ಹಣ ಹೊಡೆದ ಕಡೆ ಬೆಳೆಗಾರನ ತಪ್ಪೇನೂ ಇಲ್ಲ. ಹಕ್ಕಿನಿಂದ ಕೇಳಬೇಕು, ಅಂಗಲಾಚುವ ಅಗತ್ಯವಿಲ್ಲ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುಂಚೆ ಹೊಡೆಯಬೇಕೆಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ನರ ಕಾಲದಿಂದ ನಮ್ಮವರು ಕಲಿತಿದ್ದಾರೆ. ಗೊನೆಯಿಂದ ಕಾಯಿ ಉದುರಲು ತೊಡಗಿದ ಮೇಲೆ ಏಣಿ ಹುಡುಕಿದರೆ ಉಳಿಯುವುದು ಎಷ್ಟೋ ಅಷ್ಟೇ. ಬೆರಳಿನ ಬೀಗಕ್ಕೂ ಇದೇ ಮಾತು ಸಲ್ಲುತ್ತದೆ. ಈ ವಾರದಲ್ಲೇ ಆಧಾರಿಗೂ ಬ್ಯಾಂಕಿಗೂ ಯಾವ ಮೊಬೈಲ್ ಸಂಖ್ಯೆ ಕೊಟ್ಟಿದೆ ಎಂದು ನೋಡಿ. ಬೆರಳಿಗೆ ಬೀಗ ಹಾಕಿ. 1930 ಎಂಬ ಸಂಖ್ಯೆಯನ್ನು ಗೋಡೆಯ ಪಂಚಾಂಗದ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ನಿಮ್ಮ ಮನೆಯದಾದ ಮೇಲೆ, ಫೋನು ಬಳಸಲು ಬಾರದ ಪಕ್ಕದ ಮನೆಯ ಅಜ್ಜಿಯ ಆಧಾರಿನದನ್ನೂ ಅವರ ಎದುರಿಗೇ ಕುಳಿತು ಮಾಡಿಕೊಡಿ.