ಅನಿಲಯಂತ್ರದಲ್ಲುಳಿಯುವ ಇದ್ದಿಲು

ಪಲ್ಲಾವರದ ಬಯಲುಗಳಲ್ಲಿ ನಾವು ಕಾಣುವ ಸೀಮೈ ಕರುವೇಲಂ ನಮ್ಮ ನಾಡಿನ ಬಳ್ಳಾರಿ ಜಾಲಿಯೇ. ಅದರ ಕಟ್ಟಿಗೆಯನ್ನು ಗೂಡಿನಲ್ಲಿ ಮಂದಾಗ್ನಿಯಿಂದ ಸುಟ್ಟರೆ ತೂಕದ ಕಾಲುಭಾಗದಷ್ಟು ಇದ್ದಿಲು ದೊರೆಯುತ್ತದೆ. ಕಟ್ಟಿಗೆಯನ್ನು ಅನಿಲವಾಗಿಸುವ ಯಂತ್ರದಲ್ಲಾದರೋ (1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ನೆಟ್ಟು ದೀಪ ಬೆಳಗಿಸಿದಂಥದು) ಉಳಿಯುವುದು ಅತ್ಯಲ್ಪ. ಮಿತವಾಗಿ ಸೇರುವ ಗಾಳಿಯಿಂದ ಅಲ್ಲಿಯ ಶಾಖವು 800 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಹಬೆಯೂ ಇಂಗಾಲದ ಡೈಆಕ್ಸೈಡೂ ಕೆಂಡವನ್ನು ಕೊರೆದು ಉರಿಯುವ ಅನಿಲವನ್ನು ಹುಟ್ಟಿಸುತ್ತವೆ. ಕೊರೆದಲ್ಲೆಲ್ಲ ಸೂಕ್ಷ್ಮರಂಧ್ರಗಳು, ಜೊತೆಗೆ ಬೂದಿಯ ಪಾಲೂ ಕ್ಷಾರಗುಣವೂ ಏರುತ್ತವೆ. ಗಾಳಿ ಅತಿಯಾದರೆ ರಂಧ್ರಗಳ ಗೋಡೆಗಳೇ ಸವೆದು ಬರಿಯ ಬೂದಿಯುಳಿದೀತು. ಇದ್ದಿಲನ್ನು ಹೊಲಕ್ಕೆ ಸೇರಿಸಿರೆನ್ನುವ ಇಂದಿನ ಉತ್ಸಾಹಿಗಳು ಅದು ಯಾವ ಬೆಂಕಿಯದೆಂಬುದನ್ನೂ ಹೇಳಬೇಕು. ಮಲೆನಾಡಿನ ಹುಳಿಮಣ್ಣಿಗೆ ಹಿತವಾಗಬಹುದಾದ ಈ ಇದ್ದಿಲು ಚೌಳುನೆಲದ ಕೇಡನ್ನು ಹೆಚ್ಚಿಸಬಹುದು.